ಹೆಂಚು ಕೈಯಾಡಿಸುವವರು ಬರದ ವರ್ಷ

ನನ್ನ ಪುಸ್ತಕಗಳಿಗೆ ಅಕ್ಷರ ಜೋಡಿಸಿಕೊಡುವವರ ಅಂಗಡಿ ಮೈಸೂರಿನಲ್ಲಿದೆ. ಹತ್ತಡಿ ಅಗಲದ ಕೋಣೆ, ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಗೋಡೆ ತುಂಬ ಮದುವೆ ಕರೆಯೋಲೆಗಳ ಮಾದರಿ. ಒಳಗಿನ ಮೂಲೆಯ ಕಂಪ್ಯೂಟರಿಗೆ ‘ಹಳೇದು’ ಎಂದೇ ಹೆಸರು. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಬಾಗಿಲ ಹತ್ತಿರದ್ದು ‘ಹೊಸದು’. ಹೊಸದು ಎಂದರೂ ಕೊಂಡು ಎಂಟು ವರ್ಷವಾಗಿದೆ, ವಿಂಡೋಸ್ 10. 2025ರ ಸೆಪ್ಟೆಂಬರಿನಲ್ಲಿ ಕರಡು ತಿದ್ದಲು ಹೋದಾಗ ಹೊಸದರ ಪರದೆಯ ಮೇಲೆ ಒಂದು ನೋಟೀಸು ಕೂತಿತ್ತು. ಈ ವಿಂಡೋಸಿಗೆ ಬೆಂಬಲ ಮುಗಿಯುತ್ತಿದೆ, ನಿಮ್ಮ ಯಂತ್ರ 11ಕ್ಕೆ ಅರ್ಹವಲ್ಲ ಎಂಬುದು ಅದರ ಸಾರಾಂಶ. “ಮೇಷ್ಟ್ರೇ, ಏನ್ ಮಾಡ್ಲಿ? ಬೇರೆ ತಗೊಂಡು ಹಾಕಿಸ್ಲಾ, ಹಿಂಗೇ ಬಿಡ್ಲಾ?” ಎಂದು ಅಂಗಡಿಯವರು ಕೇಳಿದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. “ಓಡ್ತಾ ಇದೆಯಲ್ಲ, ಯಾಕೆ ಕೆಣಕ್ತೀರಿ?” ಎಂದೆ. ಮನೆಗೆ ಬಂದ ಮೇಲೆ ನೆನಪಾಯಿತು: ಅದೇ ವಾರ ತಂಗಿಯ ಮಗಳು ತನ್ನ ಲ್ಯಾಪ್‌ಟಾಪಿನ ಬಗ್ಗೆ ಇದೇ ಪ್ರಶ್ನೆ ಕೇಳಿದಾಗ “ಇವತ್ತೇ ಹಾಕ್ಕೊಂಡುಬಿಡು” ಎಂದಿದ್ದೆ. ಒಂದೇ ಬಾಯಿ, ಎರಡು ತೀರ್ಪು. ಅವಳ ಯಂತ್ರ ಹೊಸದು, ಇವರದು ಹಳೆಯದು ಎನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ತರ್ಕವೇ ಇರಲಿಲ್ಲ. ಆ ಯಂತ್ರ ದಿನವಿಡೀ ಏನು ಕೆಲಸ ಮಾಡುತ್ತದೆ, ಅದರೊಳಗೆ ಯಾರ ಗಂಟು ಇದೆ, ಅದು ಹೊರಗೆ ಯಾರ್ಯಾರ ಜೊತೆ ಮಾತಾಡುತ್ತದೆ ಎಂದು ಇಬ್ಬರನ್ನೂ ಕೇಳಲಿಲ್ಲ. ಈ ಲೇಖನ ಒಂದರ್ಥದಲ್ಲಿ ಆ ಎರಡು ಅವಸರದ ಉತ್ತರಗಳಿಗೆ ತಿದ್ದುಪಡಿ.

ಮಲೆನಾಡಿನಲ್ಲಿ ಬೆಳೆದ ನನಗೆ ಈ ವಿಷಯ ಹೆಂಚಿನ ಮಾಡಿನ ಮೂಲಕವೇ ಅರ್ಥವಾಗುವುದು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಆಳುಗಳು ಮಾಡು ಹತ್ತಿ, ಒಡೆದ ಹೆಂಚು ತೆಗೆದು ಬೇರೆ ಇಟ್ಟು, ಸರಿದದ್ದನ್ನು ಕೂರಿಸಿ, ಸಂದಿನ ದರಗು ಬಳಿದು ಇಳಿಯುತ್ತಿದ್ದರು. ಹೆಂಚು ಕೈಯಾಡಿಸುವುದು ಎನ್ನುತ್ತಿದ್ದೆವು. ಮನೆ ಅದೇ, ಮಾಡು ಅದೇ. ಸೋರುವುದು ಮಾತ್ರ ನಿಲ್ಲುತ್ತಿತ್ತು. ಅದೇ ಹೆಂಚು ಇಳಿಸಿ ತಾರಸಿ ಹಾಕಿಸುವುದು ಬೇರೆಯದೇ ಕೆಲಸ. ಅದಕ್ಕೆ ಗೋಡೆ ತಡೆಯುತ್ತದೆಯೇ ಎಂದು ನೋಡಬೇಕು, ದುಡ್ಡು ಬೇಕು, ಅಷ್ಟು ದಿನ ಬೇರೆ ಕಡೆ ಇರಬೇಕು. ಕಂಪ್ಯೂಟರಿನ ಮಾತಿನಲ್ಲಿ ಮೊದಲನೆಯದು ಅಪ್‌ಡೇಟ್, ಎರಡನೆಯದು ಅಪ್‌ಗ್ರೇಡ್. ವಿಂಡೋಸಿಗೆ ತಿಂಗಳ ಎರಡನೇ ಮಂಗಳವಾರ ಬರುವ ಭದ್ರತಾ ತೇಪೆಗಳು ಕೈಯಾಡಿಸುವ ಕೆಲಸ. 10 ಹೋಗಿ 11 ಬರುವುದು ತಾರಸಿ. ಎರಡಕ್ಕೂ ಕನ್ನಡದಲ್ಲಿ ‘ನವೀಕರಣ’ ಎಂಬ ಒಂದೇ ಪದ ಬಳಸಿ ನಾವು ಗೊಂದಲವನ್ನು ಹೆಚ್ಚಿಸಿಕೊಂಡಿದ್ದೇವೆ. “ಅಪ್‌ಡೇಟ್ ಮಾಡಿದ್ರೆ ಸ್ಲೋ ಆಗುತ್ತೆ” ಎಂದು ತೇಪೆಯನ್ನೂ ನಿಲ್ಲಿಸಿಟ್ಟವರು ನನಗೆ ಬೇಕಾದಷ್ಟು ಜನ ಗೊತ್ತು. ಅವರ ಭಯ ತಾರಸಿಯದು, ಅವರು ಓಡಿಸಿದ್ದು ಮಾತ್ರ ಹೆಂಚಿನವನನ್ನು.

2025ರ ಅಕ್ಟೋಬರ್ 14ರಂದು ಆದದ್ದು ಇಷ್ಟೇ: ವಿಂಡೋಸ್ 10ಕ್ಕೆ ಇನ್ನು ಮುಂದೆ ಹೆಂಚು ಕೈಯಾಡಿಸುವವರು ಬರುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಬೇಕಿದ್ದರೆ ತಾರಸಿ ಹಾಕಿಸಿಕೊಳ್ಳಿ. ಆದರೆ ತಾರಸಿಗೆ ಗೋಡೆಯ ನಿಯಮವಿದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಕೊನೆಯ ಎರಡು ಬಹುತೇಕರಲ್ಲಿರುತ್ತವೆ. ಸಿಕ್ಕಿಹಾಕಿಕೊಂಡದ್ದು ಮೊದಲ ಎರಡರಲ್ಲಿ. ಕ್ಯಾನಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು: ಈ ಗೆರೆಯಿಂದಾಗಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು.

ಟಿಪಿಎಂ ಬೇಡದ ವಸ್ತು ಎಂದು ನಾನು ಹೇಳುವುದಿಲ್ಲ. ಬೀಗದ ಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿಡುವ ಬದಲು ಪ್ರತ್ಯೇಕ ತಿಜೋರಿಯಲ್ಲಿಟ್ಟ ಹಾಗೆ, ಗೂಢಲಿಪಿಯ ಕೀಲಿಗಳನ್ನು ಅದು ಬೇರೆಯಾಗಿ ಕಾಪಾಡುತ್ತದೆ. ಲಾಭ ನಿಜವಾದದ್ದು. ಆದರೆ ಗೆರೆ ಎಳೆದ ರೀತಿ ನೋಡಿ. ಏಳನೇ ತಲೆಮಾರಿನ ಇಂಟೆಲ್ ಚಿಪ್‌ಗಳನ್ನು ಹೊರಗಿಟ್ಟ ಮೈಕ್ರೋಸಾಫ್ಟ್, ಅದೇ ತಲೆಮಾರಿನ ಕೆಲವೇ ಕೆಲವಕ್ಕೆ ವಿನಾಯಿತಿ ಕೊಟ್ಟಿತು. ಅವುಗಳಲ್ಲಿ ಒಂದಾದ 7820ಎಚ್‌ಕ್ಯೂ, ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಪಂಕ್ತಿಯ ನಿಯಮ ಬಡಿಸುವವರ ಮಕ್ಕಳಿಗೆ ಸ್ವಲ್ಪ ಸಡಿಲವೇ ಇರುತ್ತದೆ.

ಇನ್ನೂ ಕುತೂಹಲದ್ದು ತೇಪೆಗಳ ಬೆಲೆಪಟ್ಟಿ. ಬೆಂಬಲ ‘ಮುಗಿದ’ ಮೇಲೂ ವಿಂಡೋಸ್ 10ಕ್ಕೆ ತೇಪೆ ಹೊಲಿಯುವುದನ್ನು ಕಂಪನಿ ನಿಲ್ಲಿಸಿಲ್ಲ. ಸಾಮಾನ್ಯ ಬಳಕೆದಾರರಿಗೆ 30 ಡಾಲರಿಗೆ ಒಂದು ವರ್ಷದ ವಿಸ್ತರಣೆ, ಅಂದರೆ 2026ರ ಅಕ್ಟೋಬರ್ 13ರವರೆಗೆ ಎಂದು ಮೊದಲು ಸಾರಿತು. ಆಮೇಲೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಕೊಟ್ಟರೆ ಪುಕ್ಕಟೆ ಎಂದಿತು. ಯುರೋಪಿನ ಗ್ರಾಹಕ ಸಂಘಟನೆಗಳು ಗದರಿಸಿದ ಮೇಲೆ ಅಲ್ಲಿಯವರಿಗೆ ಸೆಟ್ಟಿಂಗು ಕೊಡಬೇಕೆಂಬ ಷರತ್ತು ಹೋಯಿತು. ಶಾಲೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 1 ಡಾಲರ್, ಕಂಪನಿಗಳಿಗೆ 61 ಡಾಲರ್, ಮುಂದಿನ ಎರಡು ವರ್ಷ ಪ್ರತಿ ಸಲ ಎರಡರಷ್ಟು. ಕೈಗಾರಿಕಾ ಉಪಕರಣಗಳಿಗೆಂದು ಮಾರುವ ವಿಂಡೋಸ್ 10ರ ಒಂದು ಆವೃತ್ತಿಗಂತೂ 2032ರ ಜನವರಿಯವರೆಗೆ ತೇಪೆ ಬರುತ್ತದೆ. ಅಂದ ಮೇಲೆ ಹೆಂಚಿನವನು ಸತ್ತಿಲ್ಲ, ಕೆಲಸ ಮರೆತಿಲ್ಲ. ಅದೇ ಬೀದಿಯ ಬೇರೆ ಮನೆಗಳ ಮಾಡು ಹತ್ತುತ್ತಿದ್ದಾನೆ, ನಮ್ಮ ಮನೆಗೆ ತಾನಾಗಿ ಬರುವುದಿಲ್ಲ, ಅಷ್ಟೆ. ‘ಬೆಂಬಲ ಮುಗಿಯಿತು’ ಎಂಬ ಮಾತು ಮಾವಿನ ಕಾಲ ಮುಗಿಯಿತು ಎನ್ನುವ ಹಾಗೆ ಕೇಳಿಸುತ್ತದೆ. ಅದು ಋತುವಲ್ಲ, ಒಂದು ಕಂಪನಿಯ ತೀರ್ಮಾನ. ಅದನ್ನು ಪ್ರಶ್ನಿಸಬಹುದು, ಪ್ರಶ್ನಿಸಿದವರಿಗೆ ಬೇರೆ ಉತ್ತರವೂ ಸಿಕ್ಕಿದೆ.

ಇಷ್ಟು ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿಗೆ ಮಳೆ ನಿಲ್ಲುವುದಿಲ್ಲ. ತಾರಸಿ ಮಾರುವವನು ಮೋಸಗಾರ ಎಂದು ಸಾಬೀತು ಮಾಡಿದ ಮಾತ್ರಕ್ಕೆ ನಮ್ಮ ಮಾಡಿನ ತೂತು ಮುಚ್ಚಿಕೊಳ್ಳುವುದಿಲ್ಲ. “ಓಡ್ತಾ ಇದೆಯಲ್ಲ” ಎಂಬ ನನ್ನ ಉತ್ತರ ಎಡವಿದ್ದು ಇಲ್ಲೇ. ಮಿಕ್ಸಿ ಓಡುತ್ತಿದ್ದರೆ ಅದು ಸರಿಯಾಗಿದೆ ಎಂದೇ ಅರ್ಥ. ಕಂಪ್ಯೂಟರ್ ಹಾಗಲ್ಲ. ಅದು ಓಡುತ್ತಲೇ ಇರುತ್ತದೆ, ಒಳಗಿನಿಂದ ಲೂಟಿಯಾಗುತ್ತಲೂ ಇರಬಹುದು. ಇದರ ಹಿಂದೆ ಹೊರಗಿನವರಿಗೆ ಸುಲಭಕ್ಕೆ ಕಾಣದ ಒಂದು ಲೆಕ್ಕವಿದೆ. 10 ಮತ್ತು 11 ಒಂದೇ ತಾಯಿಬೇರಿನವು, ಒಳಗಿನ ಸಂಕೇತ ಬಹುಪಾಲು ಸಮಾನ. 11ಕ್ಕೆ ತೇಪೆ ಬಂದ ದಿನವೇ ಅದನ್ನು ಬಿಚ್ಚಿ, ತೇಪೆಗೆ ಮುಂಚಿನದರ ಜೊತೆ ಹೋಲಿಸಿ, ತೂತು ಎಲ್ಲಿತ್ತು ಎಂದು ಪತ್ತೆ ಹಚ್ಚುವವರಿದ್ದಾರೆ. ಪಕ್ಕದ ಮನೆಯ ದುರಸ್ತಿ ನೋಡಿ ನಮ್ಮ ಮನೆಯ ಯಾವ ಹೆಂಚು ಸಡಿಲ ಎಂದು ತಿಳಿದುಕೊಂಡ ಹಾಗೆ. ಹೀಗಾಗಿ ತೇಪೆ ನಿಂತ ಯಂತ್ರ ಇದ್ದ ಹಾಗೇ ಇರುವುದಿಲ್ಲ. ನಾವು ಏನೂ ಮುಟ್ಟದಿದ್ದರೂ ತಿಂಗಳು ತಿಂಗಳಿಗೆ ಇನ್ನಷ್ಟು ಸೋರುತ್ತದೆ.

2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮುಂಚೆಯೇ, ತೇಪೆ ಕೊಟ್ಟಿತ್ತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳಲ್ಲಿ ಕನಿಷ್ಠ 80 ತೊಂದರೆಗೆ ಸಿಕ್ಕವು. ಸುಮಾರು 19,000 ರೋಗಿಗಳ ಭೇಟಿಗಳು ರದ್ದಾಗಿರಬೇಕು ಎಂದು ಅಂದಾಜಿಸಲಾಯಿತು. ಆಗ ಎಲ್ಲರೂ ಬೈದದ್ದು ಎಕ್ಸ್‌ಪಿಯನ್ನು. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ತನಿಖೆಯಾದ ಮೇಲೆ ಗೊತ್ತಾದದ್ದು, ಸೋಂಕು ತಗುಲಿದ ಬಹುಪಾಲು ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಆಗಿನ್ನೂ ಬೆಂಬಲವಿತ್ತು. ತೇಪೆ ಬಂದು ಬಾಗಿಲಲ್ಲಿ ನಿಂತಿತ್ತು, ಯಾರೂ ಒಳಗೆ ಕರೆದಿರಲಿಲ್ಲ.

ಈ ಘಟನೆ ಎರಡೂ ಕಡೆಯವರನ್ನು ಚುಚ್ಚುತ್ತದೆ. ಹಳೆಯದೇ ಸಾಕು ಎನ್ನುವವರಿಗೆ ಇದು ಎಚ್ಚರಿಕೆ ಎಂಬುದು ಸರಿ. ಆದರೆ ಹೊಸದು ಹಾಕಿಸಿಕೊಂಡು ನಿಶ್ಚಿಂತರಾದವರಿಗೂ ಅಷ್ಟೇ ಎಚ್ಚರಿಕೆ. ಆವೃತ್ತಿಯ ಸಂಖ್ಯೆ ಯಾರನ್ನೂ ಕಾಪಾಡಲಿಲ್ಲ, ಕಾಪಾಡಬಹುದಾಗಿದ್ದದ್ದು ಹೆಂಚು ಕೈಯಾಡಿಸುವ ರೂಢಿ. ನಮ್ಮಲ್ಲೂ ಎಟಿಎಂಗಳು ಬಹುಕಾಲ ಎಕ್ಸ್‌ಪಿಯ ಮೇಲೆಯೇ ಓಡಿದವು. ಬೆಂಬಲ ನಿಂತು ನಾಲ್ಕು ವರ್ಷದ ಮೇಲೆ, 2018ರ ಜೂನಿನಲ್ಲಿ, ರಿಸರ್ವ್ ಬ್ಯಾಂಕ್ ಕಂತುಗಳಲ್ಲಿ ಗಡುವು ಹಾಕಿತು: ಸೆಪ್ಟೆಂಬರಿಗೆ ಕಾಲುಭಾಗ, ಡಿಸೆಂಬರಿಗೆ ಅರ್ಧ, 2019ರ ಜೂನಿಗೆ ಪೂರ್ತಿ ಬದಲಾಗಬೇಕು ಎಂದು. ನಮ್ಮ ದುಡ್ಡು ಎಣಿಸಿಕೊಡುವ ಪೆಟ್ಟಿಗೆಗಳೇ ಐದು ವರ್ಷ ಬಿರುಕು ಮಾಡಿನ ಕೆಳಗೆ ನಿಂತಿದ್ದವು ಎನ್ನುವುದು ಯೋಚಿಸಿದರೆ ಸಣ್ಣ ಮಾತಲ್ಲ.

ಹಾಗಾದರೆ ಹೊಸದು ಬಂದ ದಿನವೇ ಹಾಕಿಕೊಳ್ಳಬೇಕೇ? ಬೇಡ. ಇಲ್ಲಿ ನಾನು ಸೋಮಾರಿಗಳ ಪಕ್ಷ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ದೊಡ್ಡ ಬದಲಾವಣೆ ಬಿಡುಗಡೆಯಾದಾಗ ಕೆಲವರ ದಾಖಲೆಗಳ ಫೋಲ್ಡರಿನ ಕಡತಗಳೇ ಅಳಿಸಿಹೋದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡು ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಪರೀಕ್ಷಾ ಹಂತದಲ್ಲೇ ಕೆಲವರು ಈ ದೂರು ಬರೆದಿದ್ದರು, ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಆರು ವಾರ ಕಾದವರಿಗೆ ಏನೂ ನಷ್ಟವಾಗಲಿಲ್ಲ. ತೇಪೆಗೆ ತಡ ಮಾಡಬೇಡಿ, ತಾರಸಿಗೆ ಅವಸರ ಮಾಡಬೇಡಿ ಎಂದು ನಾನು ಹೇಳುವುದು ಇಂಥ ಕಾರಣಕ್ಕೆ. ತೇಪೆಯೂ ಒಮ್ಮೊಮ್ಮೆ ಕೈಕೊಡುತ್ತದೆ, ನಿಜ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆದರೆ ಆ ದಿನವನ್ನು ತೋರಿಸಿ ಎಲ್ಲ ತೇಪೆಯನ್ನೂ ನಿಲ್ಲಿಸುವುದು, ಒಮ್ಮೆ ಲಸಿಕೆಯಿಂದ ಜ್ವರ ಬಂತೆಂದು ಮುಂದಿನ ಮಕ್ಕಳಿಗೂ ಬೇಡವೆಂದ ಹಾಗೆ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಒಳಗಿನ ಮೂಲೆಯ ಆ ‘ಹಳೇದು’. ಅದನ್ನು ಅವರು ಯಾಕೆ ಬದಲಾಯಿಸಿಲ್ಲ? ಬೇಡವೆಂದು ಅಲ್ಲ, ಆಗುವುದಿಲ್ಲ ಎಂದು. ಇವೆರಡರ ನಡುವಿನ ವ್ಯತ್ಯಾಸವನ್ನು ನಾವು ಮರೆತುಬಿಡುತ್ತೇವೆ. ಅಪ್‌ಗ್ರೇಡ್ ಮಾಡಬೇಕೋ ಬೇಡವೋ ಎಂಬುದು ಎರಡು ದಾರಿಯೂ ತೆರೆದಿರುವವನ ಪ್ರಶ್ನೆ. ಒಂದು ದಾರಿ ಮುಚ್ಚಿದ್ದರೆ ಅದು ನಿರ್ಧಾರವೇ ಅಲ್ಲ.

ಆ ಯಂತ್ರದಲ್ಲಿ ಪೇಜ್‌ಮೇಕರ್ ಇದೆ. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ, 1994ರಲ್ಲಿ ಅಡೋಬಿಯ ಕೈಸೇರಿದ ಪುಟವಿನ್ಯಾಸದ ತಂತ್ರಾಂಶ. 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಕನ್ನಡದ ಪುಸ್ತಕ, ಕರಪತ್ರ, ಜಾತ್ರೆಯ ಆಹ್ವಾನ, ಸಹಕಾರ ಸಂಘದ ವಾರ್ಷಿಕ ವರದಿ, ಏನೆಲ್ಲ ಅದರೊಳಗಿನಿಂದ ಹೊರಬಂದಿದೆಯೋ! ಅಡೋಬಿ ಕೈಬಿಟ್ಟ ಎಷ್ಟೋ ವರ್ಷಗಳ ಮೇಲೂ ನಮ್ಮ ಡಿಟಿಪಿ ಅಂಗಡಿಗಳು ಅದನ್ನು ಬಿಟ್ಟಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪೇಜ್‌ಮೇಕರಿಗೆ ಗೊತ್ತಿಲ್ಲ. ಅದರಲ್ಲಿ ಕನ್ನಡ ಮೂಡುವುದು ಹಳೆಯ ಫಾಂಟುಗಳ ಉಪಾಯದಿಂದ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರ ಬಿಡಿಸಿಟ್ಟರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಕನ್ನಡವೇ ಅಲ್ಲ. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ತೆಗೆದು ನೋಡಿ. ಉಳಿಯುವುದು ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿನ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಆ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕದೊಂದು ಕ್ಯೂ, ಮತ್ತೊಮ್ಮೆ ಎ. ನಮ್ಮ ಭಾಷೆಯ ಹೆಸರು ಹೀಗೆ ಮೂರು ದೇಶದ ಚಿಲ್ಲರೆಯಾಗಿ ಡಿಸ್ಕಿನಲ್ಲಿ ಮಲಗಿದೆ.

ಈ ಉಪಾಯ ಮಾಡಿದವರನ್ನು ಹಳಿಯುವುದು ಅನ್ಯಾಯ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅವರು ಕನ್ನಡವನ್ನು ಪರದೆಗೆ ತಂದರು. ವಿಂಡೋಸಿನೊಳಗೆ ಯೂನಿಕೋಡ್ ಕನ್ನಡ ಮನೆಮಾತಾಗಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರಶೈಲಿಯೊಂದಿಗೆ. ಅಲ್ಲಿಂದಾಚೆಗೆ ಆ ದಾರಿ ತೆರೆದಿತ್ತು. ನಾವು ನಡೆಯಲಿಲ್ಲ. ಕೈಗೆ ಕೂತ ಕೀಲಿಮಣೆ, ಕಣ್ಣಿಗೆ ಹಿತವಾದ ಫಾಂಟು, ಕನ್ನಡ ತಂತ್ರಾಂಶ ಓಡಬೇಕಾದರೆ ಚುಚ್ಚಿರಲೇಬೇಕಾದ, ದುಡ್ಡು ಕೊಟ್ಟು ತಂದ ಡಾಂಗಲ್: ಇವು ನಮ್ಮನ್ನು ಹಿಡಿದಿಟ್ಟವು. ಆ ಡಾಂಗಲ್ಲನ್ನು ಚುಚ್ಚುವುದು ಪ್ರಿಂಟರಿನ ಅಗಲವಾದ ಹಳೆಯ ಕಿಂಡಿಗೆ. ಈಗಿನ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇಲ್ಲ. ಹೀಗೆ ಕಿಂಡಿಗಾಗಿ ಯಂತ್ರ, ಯಂತ್ರಕ್ಕಾಗಿ ಎಕ್ಸ್‌ಪಿ, ಎಕ್ಸ್‌ಪಿಗಾಗಿ ಪೇಜ್‌ಮೇಕರ್, ಅದಕ್ಕಾಗಿ ಹಳೆಯ ಫಾಂಟು. ಇಡೀ ಸರಪಳಿಯ ಕೊನೆಯಲ್ಲಿ ಕಟ್ಟಿಹಾಕಿರುವುದು ನನ್ನ ಪುಸ್ತಕವನ್ನು, ನನ್ನಂಥ ನೂರಾರು ಜನರ ಪುಸ್ತಕವನ್ನು.

ಮೇಲ್ದರ್ಜೆಗೇರಿಸಲು ಆಗದಿರುವ ಸ್ಥಿತಿ ಒಂದೇ ದಿನ ಹುಟ್ಟುವುದಿಲ್ಲ. ‘ಸದ್ಯಕ್ಕೆ ನಡೀತಿದೆ’ ಎಂದು ಪ್ರತಿ ಸಲ ಮುಂದೂಡಿದ್ದು ಕೈಸಾಲದ ಬಡ್ಡಿಯ ಹಾಗೆ ಸೇರುತ್ತಾ ಹೋಗುತ್ತದೆ. ಇದು ಡಿಟಿಪಿ ಅಂಗಡಿಯ ಕತೆ ಮಾತ್ರವಲ್ಲ. ಡಾಸ್ ಕಾಲದಲ್ಲಿ ಯಾರೋ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮನ್ನು ಇಂದಿಗೂ ನಂಬಿರುವ ದಿನಸಿ ಮಳಿಗೆಗಳಿವೆ. ಅಂಥ 16 ಬಿಟ್ ಪ್ರೋಗ್ರಾಮುಗಳನ್ನು 64 ಬಿಟ್ ವಿಂಡೋಸ್ ಓಡಿಸುವುದಿಲ್ಲ. ವಿಂಡೋಸ್ 10ಕ್ಕೆ 32 ಬಿಟ್ಟಿನ ಅವತಾರವಿತ್ತು, 11ಕ್ಕೆ ಅದೂ ಇಲ್ಲ. ಬರೆದುಕೊಟ್ಟವನು ಈಗ ಎಲ್ಲಿದ್ದಾನೋ, ಮೂಲ ಸಂಕೇತ ಯಾವ ಫ್ಲಾಪಿಯಲ್ಲಿದೆಯೋ. ಅವರ ವಿಷಯದಲ್ಲಿ ‘ಹೊಸ ವಿಂಡೋಸ್ ಬೇಡ’ ಎಂಬ ಮಾತು ಅಭಿಪ್ರಾಯವೇ ಅಲ್ಲ, ಅಸಹಾಯಕತೆಗೆ ತೊಡಿಸಿದ ಅಂಗಿ.

ಸಣ್ಣದೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಯೂನಿಕೋಡಿಗೆ ಬಂದ ಮೇಲೂ ಅಪ್‌ಗ್ರೇಡ್ ಕಾಟ ಕೊಡುತ್ತದೆ. ಹೊಸದಾಗಿ ಕೂರಿಸಿದ ವಿಂಡೋಸ್ 10ರಲ್ಲಿ ತುಂಗಾ ಮೊದಲಿನಂತೆ ಕೂತಿರುವುದಿಲ್ಲ, ಕನ್ನಡದ ಐಚ್ಛಿಕ ಫಾಂಟುಗಳ ಕಟ್ಟನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಗೊತ್ತಿಲ್ಲದೆ ಹಳೆಯ ಕಡತ ತೆರೆದರೆ ಅದು ನಿರ್ಮಲಾ ಎಂಬ ಬೇರೆ ಶೈಲಿಯಲ್ಲಿ ತೆರೆದುಕೊಳ್ಳುತ್ತದೆ. ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟದ ಲೆಕ್ಕ ತಪ್ಪುತ್ತದೆ. ಆದರೆ ಇಲ್ಲಿ ಕೆಟ್ಟದ್ದು ಅಂದ ಮಾತ್ರ, ಅಕ್ಷರ ಅಕ್ಷರವಾಗಿಯೇ ಉಳಿದಿರುತ್ತದೆ. ಹಳೆಯ ಫಾಂಟು ಹೋದರೆ ಅಕ್ಷರವೇ ಹೋಗುತ್ತದೆ. ನಿರ್ಧರಿಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಮಾಹಿತಿ ಎಲ್ಲರಿಗೂ ಓದಲು ಬರುವ ರೂಪದಲ್ಲಿದ್ದು, ಅದರ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ, ವಿಂಡೋಸ್ 10 ಇರಲಿ 11 ಇರಲಿ, ನಾವು ಬೇಕಾದಾಗ ಎದ್ದು ಹೊರಡಬಹುದು. ಇಲ್ಲದಿದ್ದರೆ ಎಷ್ಟು ಹೊಸ ಕಂಪ್ಯೂಟರ್ ಕೊಂಡರೂ ಬಾಡಿಗೆದಾರರೇ.

ಈ ಮಾತು 11ನ್ನು ಹಾಕಿಸಿಕೊಳ್ಳುವವರಿಗೂ ಅನ್ವಯಿಸುತ್ತದೆ. 2024ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆ ಬಳಸಿ ಹೊಸದಾಗಿ ವಿಂಡೋಸ್ ಕೂರಿಸಿದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಯ ಬೀಗ ಹಾಕಿಕೊಳ್ಳುವುದು ಮಾಮೂಲಾಗಿದೆ. ಕಳ್ಳ ಲ್ಯಾಪ್‌ಟಾಪ್ ಒಯ್ದರೂ ಒಳಗಿನದು ಸಿಗದು, ಒಳ್ಳೆಯದೇ. ಆದರೆ ಬೀಗ ಜಾಮಾದ ದಿನ ಬೇಕಾಗುವ 48 ಅಂಕಿಗಳ ಕೀಲಿ ಇರುವುದು ಆ ಖಾತೆಯಲ್ಲಿ. ನಮ್ಮಲ್ಲಿ ಖಾತೆ ತೆರೆಯುವವರು ಯಾರು? “ಫಾರ್ಮ್ಯಾಟ್ ಮಾಡ್ಕೊಡಪ್ಪಾ” ಎಂದು ಯಂತ್ರ ಕೊಟ್ಟು ಬರುತ್ತೇವೆ. ರಿಪೇರಿ ಹುಡುಗ ಕೆಲಸ ಬೇಗ ಮುಗಿಯಲೆಂದು ತನ್ನದೋ ಇನ್ಯಾರದೋ ಇಮೇಲ್ ಹಾಕಿ ಮುಗಿಸಿದರೆ, ನಮ್ಮ ಮನೆಯ ಬೀಗದ ಕೈ ಅವನ ಜೇಬಿನಲ್ಲಿ. ಅವನು ಊರು ಬಿಟ್ಟರೆ ಮಕ್ಕಳ ಫೋಟೋಗಳೂ ಊರು ಬಿಟ್ಟ ಹಾಗೆ. ತಂಗಿಯ ಮಗಳಿಗೆ “ಇವತ್ತೇ ಹಾಕ್ಕೋ” ಎನ್ನುವ ಮುಂಚೆ ನಾನು ಕೇಳಬೇಕಿದ್ದದ್ದು ಇದನ್ನು: ಖಾತೆ ನಿನ್ನದೇ ತಾನೆ? ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟಿದ್ದೀಯಾ?

ಲಿನಕ್ಸ್ ಹಾಕಿಬಿಡಿ ಎಂಬ ಗೆಳೆಯರ ಸಲಹೆ ನನಗೂ ಬಂತು. ಕೆಟ್ಟ ಸಲಹೆಯಲ್ಲ. ಕೇರಳದ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ, ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಪುಕ್ಕಟೆ ತೇಪೆ ಬರುತ್ತದೆ, 11 ಬೇಡವೆಂದ ಯಂತ್ರ ಅದರಲ್ಲಿ ಚುರುಕಾಗಿಯೇ ಓಡುತ್ತದೆ. ಬ್ರೌಸರ್, ಇಮೇಲ್, ಯೂನಿಕೋಡ್ ಬರವಣಿಗೆ ಇಷ್ಟೇ ಬೇಕಾದವರು ಕಣ್ಣು ಮುಚ್ಚಿ ಹೋಗಬಹುದು. ಆದರೆ ಹೊಟ್ಟೆಪಾಡು ಒಂದು ನಿರ್ದಿಷ್ಟ ತಂತ್ರಾಂಶದ ಮೇಲೆ ನಿಂತಿರುವವರಿಗೆ ಅದನ್ನು ಹೇಳುವುದು, ಬಾಡಿಗೆ ಜಾಸ್ತಿಯಾಯಿತು ಎಂದವನಿಗೆ ಹಿಮಾಲಯಕ್ಕೆ ಹೋಗು ಎಂದ ಹಾಗೆ. ಅರ್ಹತೆಯಿಲ್ಲದ ಯಂತ್ರಕ್ಕೆ ನಿಯಮ ದಾಟಿಸಿ 11 ಕೂರಿಸುವ ದಾರಿಗಳೂ ಇವೆ. ಮುಂದೆ ತೇಪೆ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ ಎಂದು ಕಂಪನಿಯೇ ಹೇಳಿರುವುದರಿಂದ, ಆಟದ ಯಂತ್ರಕ್ಕೆ ಸರಿ, ಅನ್ನದ ಯಂತ್ರಕ್ಕೆ ನಾನು ಒಲ್ಲೆ.

ಹೊಸ ಯಂತ್ರ ಕೊಳ್ಳುವ ವಿಚಾರಕ್ಕೆ ಬಂದರೆ, ಕಂಪ್ಯೂಟರ್ ‘ನಿಧಾನ’ ಎಂಬ ದೂರಿಗೆ ವಿಂಡೋಸ್ ಕಾರಣವಾಗಿರುವುದು ಅಪರೂಪ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಎಂಟು ವರ್ಷದ ಯಂತ್ರಕ್ಕೂ ಯೌವನ ಬರುತ್ತದೆ, ಅದಕ್ಕೆ ತಗಲುವುದು ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಒಂದು ಚೂರು. ಇನ್ನೊಂದು ಲೆಕ್ಕವೂ ಇದೆ. ಲ್ಯಾಪ್‌ಟಾಪ್ ತನ್ನ ಆಯುಸ್ಸಿನಲ್ಲಿ ಭೂಮಿಗೆ ಹೊರಿಸುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಓಡುವ ಯಂತ್ರವನ್ನು ಇನ್ನೆರಡು ವರ್ಷ ಓಡಿಸುವುದು ಜಿಪುಣತನವಲ್ಲ.

ಆ ಮಾತಾಡಿದ ಮರುವಾರ ಮತ್ತೆ ಅಂಗಡಿಗೆ ಹೋಗಿ ನನ್ನ ಮಾತು ವಾಪಸ್ಸು ತಗೊಂಡೆ. ಇಬ್ಬರೂ ಕೂತು ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಪಂಚಾಯ್ತಿ ಮಾಡಿದೆವು. ‘ಹಳೇದು’ ಇಂಟರ್ನೆಟ್ಟಿಗೆ ಹೋಗುತ್ತದೆಯೇ? ಹೋಗುತ್ತಿತ್ತು, ಕಡತ ಕಳಿಸಲು ಅನುಕೂಲವೆಂದು ಯಾರೋ ಕೇಬಲ್ ಚುಚ್ಚಿಟ್ಟಿದ್ದರು. ಕಿತ್ತರು. ಪೆನ್‌ಡ್ರೈವ್ ಸಿಕ್ಕಿಸುವ ಮುಂಚೆ ‘ಹೊಸದರಲ್ಲಿ’ ತಪಾಸಣೆ ಎಂದು ಒಂದು ಚೀಟಿ ಅಂಟಿಸಿದರು. ‘ಹಳೇದರ’ ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುವುದೆಂದಾಯಿತು. ಎಕ್ಸ್‌ಪಿಗೆ ಮುಪ್ಪು ಬಂದಿರುವುದಕ್ಕಿಂತ ಆ ಡಿಸ್ಕಿಗೆ ಬಂದಿರುವುದೇ ಹೆಚ್ಚು ಭಯದ ಸಂಗತಿ. ‘ಹೊಸದರಲ್ಲಿ’ ಅವರು ಬ್ಯಾಂಕಿನ ಕೆಲಸ ಮಾಡುತ್ತಾರೆ, ಗಿರಾಕಿಗಳ ಆಧಾರ್ ಪ್ರತಿಗಳೂ ಅದರಲ್ಲೇ ಇವೆ. ಅದನ್ನು ಹಾಗೇ ಬಿಡುವ ಮಾತಿಲ್ಲ. ಒಂದು ವರ್ಷದ ತೇಪೆ ವಿಸ್ತರಣೆಗೆ ನೋಂದಾಯಿಸಿ, ಎಸ್‌ಎಸ್‌ಡಿ ಹಾಕಿಸಿದರು. ಬೆಂಬಲ ನಿಂತರೂ ಯಂತ್ರ ಓಡುತ್ತದೆ, ಆದರೆ ಬ್ರೌಸರಿಗೂ ಒಂದು ದಿನ ಕೊನೆಯಿದೆ. ವಿಂಡೋಸ್ 7ಕ್ಕೆ ಬೆಂಬಲ ನಿಂತ ಮೂರು ವರ್ಷಕ್ಕೆ, 2023ರಲ್ಲಿ, ಕ್ರೋಮ್ 109ರೊಂದಿಗೆ ಅದರ ಕೈಬಿಟ್ಟಿತು ಎಂದು ಹೇಳಿದೆ. “ಅಷ್ಟೊತ್ತಿಗೆ ಒಂದು ಹೊಸ ಪೆಟ್ಟಿಗೆಗೆ ಚೀಟಿ ಎತ್ತಿರ್ತೀನಿ ಬಿಡಿ” ಎಂದರು.

ಉಳಿದದ್ದು ಪುಸ್ತಕಗಳು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಕನ್ನಡದ ಮೇಲಿನ ಪ್ರೀತಿಗೆ ಸ್ವಯಂಸೇವಕರು ಬರೆದವು. ಪರೀಕ್ಷೆಗೆಂದು ನನ್ನದೇ ಹಳೆಯ ಪುಸ್ತಕದ ಒಂದು ಅಧ್ಯಾಯ ಹಾಕಿದೆವು. ಕ್ಷಣದಲ್ಲಿ ಕನ್ನಡ ಕನ್ನಡವಾಗಿ ನಿಂತಿತು. ಕೆಲವೆಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ನಡುವೆ ನಾನು ಇಂಗ್ಲಿಷಿನಲ್ಲಿ ಉದ್ಧರಿಸಿದ್ದ ನಾಲ್ಕು ಸಾಲನ್ನೂ ಪರಿವರ್ತಕ ಬಿಡದೆ ಕನ್ನಡ ಮಾಡಿ, ಯಾವ ಭಾಷೆಗೂ ಸೇರದ ಮಂತ್ರದಂತಿದ್ದ ಒಂದು ಪ್ಯಾರಾ ಹೊಸೆದಿತ್ತು. ಅವರು ಅದನ್ನು ಗಟ್ಟಿಯಾಗಿ ಓದಿ, “ಇದೇ ಚೆನ್ನಾಗಿದೆ ಮೇಷ್ಟ್ರೇ, ಹಿಂಗೇ ಪ್ರಿಂಟ್ ಹಾಕ್ಸೋಣ” ಎಂದರು.

ಗೋಡೆಯ ಮೇಲೆ ಮದುವೆ ಕರೆಯೋಲೆಗಳ ಪಕ್ಕ ಈಗ ಕೈಬರಹದ ಪಟ್ಟಿಯೊಂದು ತೂಗುತ್ತಿದೆ, ಪರಿವರ್ತನೆಯಾಗಬೇಕಾದ ನೂರಾ ಹನ್ನೆರಡು ಪುಸ್ತಕಗಳದು. ಬಿಡುವಿದ್ದ ದಿನ ಒಂದೊಂದೇ ಮುಗಿಸಿ ಕೆಂಪು ಗೆರೆ ಹಾಕುತ್ತಾರೆ. ನಾನು ಕಳೆದ ಸಲ ಹೋದಾಗ ಒಂಬತ್ತಕ್ಕೆ ಗೆರೆ ಬಿದ್ದಿತ್ತು. ನನ್ನ ಪುಸ್ತಕ ಪಟ್ಟಿಯ ತಳದಲ್ಲಿದೆ. ಹಳೆಯ ಬಾಕಿ ತೀರಿಸಿದರೆ ಮೇಲೆ ಬರುತ್ತದಂತೆ.